ಕಾಲುವೆ ಪಕ್ಕದ ಕಸದ ಗುಡ್ಡೆ: ಡ್ರೋನ್ ಬಗ್ಗೆ ಪತ್ರದಲ್ಲಿ ಏನು ಬರೆಯೋಣ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕಾಲುವೆ ಪಕ್ಕದ ಖಾಲಿ ಜಾಗದಲ್ಲಿ ಮತ್ತೆ ಎರಡು ಲೋಡ್ ಡೆಬ್ರಿಸ್ (ಕಟ್ಟಡ ಒಡೆದ ಇಟ್ಟಿಗೆ, ಕಾಂಕ್ರೀಟ್ ಚೂರು) ಬಿದ್ದಿದೆ. ಜೊತೆಗೆ ಹಳೇ ಹಾಸಿಗೆ, ಟಯರ್. ನಗರಸಭೆಯವರು ಡ್ರೋನ್ ಹಾರಿಸುವ ಯೋಚನೆಯಲ್ಲಿದ್ದಾರೆ, ನಮ್ಮ ಅಭಿಪ್ರಾಯ ಕೇಳಿದ್ದಾರೆ. ಭಾನುವಾರದೊಳಗೆ ಪತ್ರ ಕೊಡಬೇಕು.

ಕೊನೆ ಮನೆ: ಬರಲಿ ಬಿಡಿ ಮೇಡಂ. ಮೇಲಿಂದ ಗಾಡಿ ನಂಬರ್ ಹಿಡಿದು ದಂಡ ಹಾಕಿದರೆ ಮುಗೀತು.

ಮಹಡಿ ಮನೆ: ಅಷ್ಟು ಸುಲಭ ಅಲ್ಲ ಸಾರ್. ನಾನು ಸರ್ವೆ ಕೆಲಸಕ್ಕೆ ಡ್ರೋನ್ ಹಾರಿಸುತ್ತೇನೆ. ನೇರ ಮೇಲಿಂದ ನೋಡಿದರೆ ಕಾಣುವುದು ಗಾಡಿಯ ತಲೆ, ನಂಬರ್ ಪ್ಲೇಟ್ ಅಲ್ಲ. ಓರೆಯಾಗಿ, ಜೂಮ್ ಲೆನ್ಸಿನಲ್ಲಿ ಹಿಡಿದರೆ ಸಿಗಬಹುದು. ಸಣ್ಣ ಡ್ರೋನಿನ ಬ್ಯಾಟರಿ ಸುಮಾರು 20ರಿಂದ 40 ನಿಮಿಷ ಬರುತ್ತದೆ, ಗಾಳಿ ಜೋರಾದರೆ ಇನ್ನೂ ಕಡಿಮೆ. ಮಳೆಯಲ್ಲಿ ಎಷ್ಟೋ ಡ್ರೋನ್ ಹಾರಿಸುವ ಹಾಗೇ ಇಲ್ಲ. ಟಿಪ್ಪರ್‌ನವನು ಸುರಿದು ಹೋಗುವುದು ಐದು ನಿಮಿಷದಲ್ಲಿ. ಸರಿಯಾಗಿ ಆ ಐದು ನಿಮಿಷಕ್ಕೆ ಡ್ರೋನ್ ಮೇಲಿರಬೇಕಲ್ಲ?

ಕೊನೆ ಮನೆ: ಹಾಗಾದರೆ ಡ್ರೋನ್ ಸುಮ್ನೆ ಶೋಕಿಗಾ?

ಮಹಡಿ ಮನೆ: ಇಲ್ಲ, ಅದರ ಕೆಲಸ ಬೇರೆ. ನಡೆದು ಹೋಗಲಾಗದ ಪೊದೆ, ಹಳ್ಳ, ಕಾಲುವೆ ದಂಡೆ ಎಲ್ಲ ಒಂದೇ ಸುತ್ತಿಗೆ ಕಾಣುತ್ತವೆ. ಒಂದು ಫೋಟೋದ ಶೇ. 70-80 ಭಾಗ ಮುಂದಿನದರಲ್ಲೂ ಬರುವಂತೆ ತೆಗೆದರೆ ಗುಡ್ಡೆಯ 3ಡಿ ಮಾದರಿ ಮಾಡಬಹುದು. ಎಷ್ಟು ಘನ ಮೀಟರ್ ಕಸ ಅಂತ ಅಂದಾಜು ಸಿಗುತ್ತದೆ. ಪ್ರತಿ ವಾರ ಅದೇ ದಾರಿಯಲ್ಲಿ ಹಾರಿಸಿದರೆ ಯಾವ ಗುಡ್ಡೆ ಬೆಳೆದಿದೆ, ಯಾವುದು ಹೊಸದು ಅಂತ ಗೊತ್ತಾಗುತ್ತದೆ. 'ಅಲ್ಲಿ ಕಸವೇ ಇಲ್ಲ' ಅನ್ನುವ ಉತ್ತರ ಆಮೇಲೆ ನಡೆಯುವುದಿಲ್ಲ. ಶಾಖ ಹಿಡಿಯುವ ಥರ್ಮಲ್ ಕ್ಯಾಮೆರಾ ಇದ್ದರೆ ಕತ್ತಲಲ್ಲೂ ಜನ, ಬಿಸಿ ಎಂಜಿನ್ ಕಾಣುತ್ತವೆ. ನಂಬರ್ ಮಾತ್ರ ಅದರಲ್ಲಿ ಓದಲಾಗದು.

ಪಾರ್ಕ್ ಎದುರು ಮನೆ: ನಮ್ಮ ಟೆರೇಸಿನಲ್ಲಿ ಮಕ್ಕಳು ಆಡುತ್ತಾರೆ. ಆ ವಿಡಿಯೋ ಯಾರ ಕೈಯಲ್ಲಿರುತ್ತದೆ? ಎಷ್ಟು ದಿನ ಇಡುತ್ತಾರೆ? ಇದನ್ನು ಬರೆಯದಿದ್ದರೆ ನಾನು ಸಹಿ ಹಾಕುವುದಿಲ್ಲ.

ಅಡ್ಮಿನ್: ಸರಿಯಾದ ಮಾತು ಅಕ್ಕ. ಹಾರಾಟ ಕಾಲುವೆ ಕಡೆಗೆ ಮಾತ್ರ ಇರಲಿ, ದಿನ ಮೊದಲೇ ತಿಳಿಸಲಿ, ಕೇಸಿಗೆ ಬೇಡದ ವಿಡಿಯೋ ಅಳಿಸಲಿ. ಮೂರನ್ನೂ ಸೇರಿಸುತ್ತೇನೆ.

ಮೂಲೆ ಮನೆ ಹಿರಿಯರು: ನನಗೆ ನಿದ್ದೆ ಕಡಿಮೆ. ಟಿಪ್ಪರ್ ಬರುವುದು ಬೆಳಗಿನ ಜಾವ ನಾಲ್ಕರ ಆಸುಪಾಸು, ಶನಿವಾರ ಜಾಸ್ತಿ. ಮೂರು ತಿಂಗಳಿಂದ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೇನೆ. ಯಾರೂ ಕೇಳಲಿಲ್ಲ, ಹೇಳಲಿಲ್ಲ.

ಮಹಡಿ ಮನೆ: ಅಂಕಲ್, ನಮಗೆ ಬೇಕಾಗಿದ್ದೇ ಇದು! ಯಾವಾಗ ಹಾರಿಸಬೇಕು ಅಂತ ಡ್ರೋನ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಕಾಲುವೆಗೆ ಗಾಡಿ ಹೋಗುವುದು ಒಂದೇ ದಾರಿ. ಅಲ್ಲಿ ಕಂಬಕ್ಕೆ ನಂಬರ್ ಹಿಡಿಯುವ ಕ್ಯಾಮೆರಾ, ಮೇಲೆ ಡ್ರೋನ್. ಎರಡೂ ಕೇಳೋಣ.

ಕೊನೆ ಮನೆ: ಒಂದು ವಿಷಯ ಹೇಳಲೇಬೇಕು. ಹೋದ ವರ್ಷ ನಮ್ಮ ಬಾತ್‌ರೂಮ್ ಒಡೆಸಿದಾಗ ಮೇಸ್ತ್ರಿ 'ಡೆಬ್ರಿಸ್ ನಾನು ನೋಡ್ಕೋತೀನಿ' ಅಂದ. ಎಲ್ಲಿಗೆ ಹೋಯಿತು ಅಂತ ನಾನೂ ಕೇಳಲಿಲ್ಲ.

ಪಾರ್ಕ್ ಎದುರು ಮನೆ: ನಾವೂ ಕೇಳಿಲ್ಲ ಬಿಡಿ. ಇಲ್ಲಿ ಹಿಡಿದರೆ ಅವರು ಮುಂದಿನ ಹಳ್ಳಕ್ಕೆ ಸುರಿಯುತ್ತಾರೆ, ಅಷ್ಟೇ. ಡೆಬ್ರಿಸ್ ಎಲ್ಲಿ ಹಾಕಬೇಕು ಅನ್ನುವುದನ್ನೂ ನಗರಸಭೆ ತಿಳಿಸಲಿ.

ಅಡ್ಮಿನ್: ಬರೆದುಕೊಂಡೆ. ಅಲ್ಲಿಯವರೆಗೆ ಗುಡ್ಡೆಯ ಚೀಲ ಯಾರೂ ಬಿಚ್ಚಬೇಡಿ, ಸೂಜಿ, ಗಾಜು ಇರಬಹುದು. ಟಿಪ್ಪರ್‌ನವರನ್ನು ಒಬ್ಬರೇ ಹೋಗಿ ತಡೆಯುವುದೂ ಬೇಡ. ದೂರದಿಂದ ಸಮಯ ಬರೆದಿಡಿ, ಸಾಕು. ಅಂಕಲ್, ಕ್ಯಾಲೆಂಡರ್ ಫೋಟೋ ಹಾಕುತ್ತೀರಾ?

ಮೂಲೆ ಮನೆ ಹಿರಿಯರು: (ಫೋಟೋ)

ಮಹಡಿ ಮನೆ: ಅಂಕಲ್, ಇದು ಹಾಲಿನ ಲೆಕ್ಕ. ಪಕ್ಕದ ಹಾಳೆ ಕಳಿಸಿ.