ಹೆಸರು ಓದಲಿಲ್ಲ ಅಂತ ನಿದ್ದೆ ಬರಲಿಲ್ಲ. ಏಳು ವರ್ಷದ ಸಾಧನೆ ಎಲ್ಲಿಗೆ ಹೋಯಿತು?

ಗಣಿತದ ಟೀಚರ್:

ಎಲ್ಲರಿಗೂ ನಮಸ್ಕಾರ. ಈ ವಿಷಯವನ್ನು ಮನೆಯಲ್ಲಿ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ನಾಚಿಕೆ ಆಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ತಿಪಟೂರು ಕಡೆಯವಳು. ವಯಸ್ಸು 47. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಏಳು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಆಮೇಲೆ ಮನಸ್ಸು ಯಾವುದರಲ್ಲೂ ನಿಲ್ಲುತ್ತಿರಲಿಲ್ಲ. ಹತ್ತಿರದ ಒಂದು ಆಶ್ರಮಕ್ಕೆ ಹೋಗಲು ಶುರು ಮಾಡಿದೆ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಹನ್ನೆರಡು ಮಾಲೆ ಜಪ, ಭಾನುವಾರ ಆಶ್ರಮದ ಅಡುಗೆಮನೆಯಲ್ಲಿ ಸೇವೆ. ಭಾನುವಾರ ಸುಮಾರು 300 ಜನ ಊಟಕ್ಕೆ ಕೂರುತ್ತಾರೆ. ತರಕಾರಿ ಹೆಚ್ಚುವುದು, ಹುಣಸೆಹಣ್ಣು ಕಿವುಚುವುದು, ಸಾರಿನ ಕೊಪ್ಪರಿಗೆ ನೋಡಿಕೊಳ್ಳುವುದು ನನ್ನ ಪಾಲು. ಜ್ವರ ಬಂದಾಗ, ಪರೀಕ್ಷೆ ಕೆಲಸ ಇದ್ದಾಗ ಬಿಟ್ಟರೆ ತಪ್ಪಿಸಿಲ್ಲ.

ಹೋದ ತಿಂಗಳು ಆಶ್ರಮದ ವಾರ್ಷಿಕೋತ್ಸವ. ವಂದನಾರ್ಪಣೆ ಮಾಡಿದವರು ಅಡುಗೆ ಸೇವೆಯವರ ಹೆಸರು ಓದಿದರು. ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾನು ಸೆರಗು ಸರಿ ಮಾಡಿಕೊಂಡು ಕುರ್ಚಿಯ ತುದಿಗೆ ಬಂದು ಕೂತಿದ್ದೆ. ಹನ್ನೊಂದು ಹೆಸರು ಓದಿದರು. ನನ್ನ ಹೆಸರು ಅದರಲ್ಲಿ ಇರಲಿಲ್ಲ. ಐದು ತಿಂಗಳ ಹಿಂದೆ ಬಂದು ಸೇರಿದ ಒಬ್ಬರಿಗೆ ಶಾಲು ಸಿಕ್ಕಿತು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಜಪಕ್ಕೆ ಕೂತರೆ ಮಣಿ ಉರುಳುತ್ತಿದೆ, ಒಳಗೆ ಆ ಹನ್ನೊಂದು ಹೆಸರು ಓಡುತ್ತಿವೆ. ಇದಾದರೂ ಸರಿ, ಬೇಜಾರು ಅಂದುಕೊಳ್ಳಬಹುದು. ಮುಂದಿನ ಭಾನುವಾರ ನಾನು ಅರ್ಧ ಗಂಟೆ ಮುಂಚೆಯೇ ಹೋದೆ. ಯಾರೂ ಹೇಳದಿದ್ದರೂ ಒಲೆಯ ಸುತ್ತ ಎಲ್ಲ ಉಜ್ಜಿ ತೊಳೆದೆ. ಎಲ್ಲರೂ ನೋಡಲಿ, ಯಾರನ್ನು ಮರೆತೆವು ಅಂತ ಅವರಿಗೆ ಗೊತ್ತಾಗಲಿ ಅಂತ. ಅದು ನನಗೆ ಅರಿವಾದಾಗ ಕೈಯಲ್ಲಿದ್ದ ಚಿಂದಿ ಬಟ್ಟೆ ಹಾಗೇ ನಿಂತಿತು. ಮರೆತದ್ದಕ್ಕಿಂತ ಇದು ಜಾಸ್ತಿ ಹೆದರಿಸಿತು.

ಅವತ್ತಿನಿಂದ ಎಲ್ಲಿ ನೋಡಿದರೂ ಅದೇ ಕಾಣುತ್ತಿದೆ. ಜಪದ ಲೆಕ್ಕಕ್ಕೆ ಒಂದು ಪುಸ್ತಕ ಇಟ್ಟಿದ್ದೇನೆ. 33 ಲಕ್ಷ ದಾಟಿದೆ. ತಿಂಗಳಿಗೊಮ್ಮೆ ಕೂಡಿಸಿ ನೋಡುವಾಗ ಆಗುವ ಖುಷಿ ಎಂಥದ್ದು ಅಂತ ಈಗ ತಿಳಿಯುತ್ತಿದೆ. ನಾದಿನಿ ಸಂಜೆ ಧಾರಾವಾಹಿ ನೋಡುತ್ತಾ ಕೂತರೆ "ಪಾಪ, ಇವಳ ಜನ್ಮ ಹೀಗೇ ಹೋಯಿತು" ಅಂದುಕೊಳ್ಳುತ್ತೇನೆ. ಯಾರಾದರೂ ಹೊಗಳಿದರೆ "ನನ್ನದೇನಿದೆ, ಎಲ್ಲ ಅವನು ಮಾಡಿಸುತ್ತಾನೆ" ಅನ್ನುತ್ತೇನೆ. ಹೇಳಿ ಒಂದು ಕ್ಷಣ ಕಾಯುತ್ತೇನೆ, ಎಷ್ಟು ವಿನಯ ನಿಮಗೆ ಅಂತ ಅವರು ಅನ್ನಲಿ ಅಂತ.

ಏಳು ವರ್ಷದ ಹಿಂದೆ ನಾನು ಹೀಗಿರಲಿಲ್ಲ. ಮೂಲೆಯಲ್ಲಿ ಕೂರುವ ಹೆಂಗಸು. ಹಾಗಾದರೆ ಸಾಧನೆಯಿಂದ ಅಹಂಕಾರ ಕರಗಿತೋ, ಬೆಳೆಯಿತೋ? ಇನ್ನೂ ಒಂದು ಪ್ರಶ್ನೆ. ಅಹಂಕಾರವನ್ನು ನಾಶ ಮಾಡಬೇಕು ಅನ್ನುತ್ತಾರೆ. ನಾಶ ಮಾಡಲು ಹೊರಟವಳು ಯಾರು? ಅದೂ ನಾನೇ ಅಲ್ವಾ? ಅರವತ್ತು ಮಕ್ಕಳ ತರಗತಿಯಲ್ಲಿ "ನಾನು" ಇಲ್ಲದೆ ನಿಲ್ಲುವುದು ಹೇಗೆ?

ದಾರಿ ಕಂಡವರು ಇದ್ದರೆ ದಯವಿಟ್ಟು ಹೇಳಿ.

ಕೆರೆ ಏರಿ:

ಕನಕದಾಸರು ಹೇಳಿದ್ದಾರಲ್ಲ ಮೇಡಂ, "ನಾನು ಹೋದರೆ ಹೋದೇನು" ಅಂತ. ಅದಕ್ಕಿಂತ ದೊಡ್ಡ ಉತ್ತರ ಇಲ್ಲ.

ಗಣಿತದ ಟೀಚರ್:

ನಿಜ ಸರ್. ಪ್ರತಿ ವರ್ಷ ಕನಕ ಜಯಂತಿಗೆ ಈ ಕಥೆಯನ್ನು ಮಕ್ಕಳಿಗೆ ಹೇಳುವವಳು ನಾನೇ. ಕಥೆಯಲ್ಲಿ "ನಾನು" ಒಂದೇ ಮಾತಿಗೆ ಹೋಗಿಬಿಡುತ್ತದೆ. ನನ್ನದು ಹೋಗುತ್ತಿಲ್ಲ. ಹೇಗೆ ಹೋಗುತ್ತದೆ ಅನ್ನುವುದೇ ನನ್ನ ಪ್ರಶ್ನೆ.

ಬೆಳಗೊಳದವನು:

ಟೀಚರ್, ನಮ್ಮದು ಶ್ರವಣಬೆಳಗೊಳದ ಹತ್ತಿರ. ಜೈನರು. ನೀವು ಬರೆದದ್ದು ಓದಿದಾಗ ಅಜ್ಜ ನೆನಪಾದರು. ಚಿಕ್ಕವನಿದ್ದಾಗ ಬೆಟ್ಟ ಹತ್ತಿಸಿಕೊಂಡು ಹೋಗಿ ಬಾಹುಬಲಿಯ ಕಾಲ ಹತ್ತಿರ ಕೂರಿಸಿ ಅವರು ಹೇಳಿದ್ದ ಕಥೆ ಇದು.

ಯುದ್ಧದ ಭಾಗ ಎಲ್ಲರಿಗೂ ಗೊತ್ತು. ಅಣ್ಣ ಭರತ ಚಕ್ರವರ್ತಿ. ತಮ್ಮ ತಲೆಬಾಗಲಿಲ್ಲ. ಸೈನ್ಯ ಸಾಯುವುದು ಬೇಡ, ನೀವಿಬ್ಬರೇ ತೀರ್ಮಾನ ಮಾಡಿಕೊಳ್ಳಿ ಅಂತಾಯಿತು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ಬಾಹುಬಲಿಯೇ ಗೆದ್ದ. ಸೋತ ಸಿಟ್ಟಿಗೆ ಭರತ ಚಕ್ರ ಬಿಟ್ಟ. ಅದು ಬಾಹುಬಲಿಗೆ ಏನೂ ಮಾಡದೆ ಸುತ್ತು ಬಂದು ನಿಂತಿತು. ಅಣ್ಣ ಇಷ್ಟಕ್ಕೆ ಇಳಿದನಲ್ಲ ಅಂತ ಬಾಹುಬಲಿಗೆ ರಾಜ್ಯವೇ ಸಾಕಾಯಿತು. ಗೆದ್ದದ್ದೆಲ್ಲ ಬಿಟ್ಟು ಕಾಡಿಗೆ ಹೋದ.

ಅಜ್ಜ ಒತ್ತಿ ಹೇಳುತ್ತಿದ್ದದ್ದು ಇದರ ನಂತರದ ಭಾಗ. ಒಂದು ವರ್ಷ ನಿಂತ. ಊಟ ಇಲ್ಲ, ಕದಲಲಿಲ್ಲ. ಪಕ್ಕದಲ್ಲಿ ಹುತ್ತ ಬೆಳೆಯಿತು, ಹಾವು ಬಂದವು, ಕಾಲು ತೋಳಿಗೆ ಬಳ್ಳಿ ಹಬ್ಬಿತು. ಅಷ್ಟಾದರೂ ಕೇವಲಜ್ಞಾನ, ಅಂದರೆ ಪೂರ್ಣ ಅರಿವು, ಬರಲಿಲ್ಲ. ಯಾಕೆ ಅಂದರೆ, "ನಾನು ನಿಂತಿರುವ ನೆಲ ಭರತನದು" ಅನ್ನುವ ಒಂದು ಮುಳ್ಳು ಮನಸ್ಸಿನಲ್ಲಿ ಉಳಿದಿತ್ತು. ರಾಜ್ಯ ಬಿಟ್ಟ, ಬಟ್ಟೆ ಬಿಟ್ಟ, ಅನ್ನ ಬಿಟ್ಟ. ಅಷ್ಟು ಮಾತ್ರ ಉಳಿಯಿತು. ಕ್ರೋಧ, ಮಾನ, ಮಾಯೆ, ಲೋಭ ಅಂತ ನಮ್ಮಲ್ಲಿ ನಾಲ್ಕು ಕಷಾಯ, ಅಂದರೆ ಆತ್ಮಕ್ಕೆ ಅಂಟುವ ಕೊಳೆ, ಹೇಳುತ್ತಾರೆ. ಅದರಲ್ಲಿ ಮಾನ, ಅಂದರೆ ಗರ್ವದ ಕಷಾಯ ಇದು.

ಇನ್ನೊಂದು ವರ್ಷ ಜಾಸ್ತಿ ನಿಂತು ಅವನು ಅದನ್ನು ಕಳೆದುಕೊಳ್ಳಲಿಲ್ಲ. ಭರತನೇ ಬಂದು ಅವನ ಕಾಲಿಗೆ ಬಿದ್ದ. ಈ ನೆಲ ನನ್ನದೂ ಅಲ್ಲ, ನಿನ್ನದೂ ಅಲ್ಲ ಅಂದ. ಆಗ ಮುಳ್ಳು ಬಿತ್ತು. ಶ್ವೇತಾಂಬರರು ಬೇರೆ ಥರ ಹೇಳುತ್ತಾರೆ. ತನಗಿಂತ ಮೊದಲೇ ದೀಕ್ಷೆ ತಗೊಂಡ ತಮ್ಮಂದಿರಿಗೆ ನಮಸ್ಕಾರ ಮಾಡಬೇಕಲ್ಲ ಅಂತ ಅವನು ತಂದೆ ಆದಿನಾಥ ತೀರ್ಥಂಕರರ ಹತ್ತಿರ ಹೋಗದೆ ಕಾಡಲ್ಲೇ ಉಳಿದನಂತೆ. ತಂಗಿಯರಾದ ಬ್ರಾಹ್ಮಿ, ಸುಂದರಿ ಬಂದು "ಅಣ್ಣಾ, ಆನೆಯಿಂದ ಇಳಿ" ಅಂದರಂತೆ. ಆನೆ ಅಂದರೆ ಅವನ ಅಹಂಕಾರ. ಎರಡು ಕಥೆಯಲ್ಲೂ ಗಂಟು ಬಿಚ್ಚಿದ್ದು ಬೇರೆಯವರು ಬಂದಾಗ.

ನೀವು ಹನ್ನೊಂದನೇ ಹೆಸರು ಮುಗಿದ ಮೇಲೆ ಪಟ್ಟ ನೋವು ಸಾಧನೆ ವ್ಯರ್ಥವಾದದ್ದಕ್ಕೆ ಗುರುತು ಅಂತ ನನಗೆ ಅನ್ನಿಸುವುದಿಲ್ಲ. ಬೇರೆ ಎಲ್ಲ ಬಿಟ್ಟ ಮೇಲೇ ಅಲ್ವಾ ಆ ಮುಳ್ಳು ಕಂಡದ್ದು.

ಇನ್ನೊಂದು ಮಾತು. ಗೊಮ್ಮಟನ ಎದುರು ಗುಳ್ಳಕಾಯಜ್ಜಿಯ ಮೂರ್ತಿ ಇದೆ. ಚಾವುಂಡರಾಯ ಗಂಗರ ಮಂತ್ರಿ, ಸೇನಾಪತಿ. 981ರಲ್ಲಿ 58 ಅಡಿ ಮೂರ್ತಿ ನಿಲ್ಲಿಸಿದವನು. ಅವನು ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಪಾದದವರೆಗೆ ಇಳಿಯಲಿಲ್ಲ, ಒಬ್ಬ ಮುದುಕಿ ಗುಳ್ಳಕಾಯಿಯಲ್ಲಿ ತಂದ ಚೂರು ಹಾಲು ಇಳಿಯಿತು ಅಂತ ಐತಿಹ್ಯ. ಇಂಥ ಕೆಲಸ ಬೇರೆ ಯಾರು ಮಾಡಿದ್ದಾರೆ ಅನ್ನುವ ಹೆಮ್ಮೆ ಅವನಿಗೆ ಬಂದಿತ್ತಂತೆ. ಮೂರ್ತಿ ಅವನೇ ಮಾಡಿಸಿದ್ದು, ಹೆಮ್ಮೆಗೆ ಕಾರಣ ಇಲ್ಲದೆ ಇರಲಿಲ್ಲ. ಅದಕ್ಕೇ ಆ ಅಜ್ಜಿಯನ್ನು ನೋಡಿದಾಗಲೆಲ್ಲ ನನಗೆ ಚಾವುಂಡರಾಯನ ಮೇಲೂ ಪ್ರೀತಿ ಬರುತ್ತದೆ.

ಒಂದು ಸಲ ಬನ್ನಿ. ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಬರಿಗಾಲಲ್ಲಿ ಹತ್ತಬೇಕು. ಬೆಳಿಗ್ಗೆ ಬೇಗ ಬಂದರೆ ಬಂಡೆ ತಣ್ಣಗಿರುತ್ತದೆ.

ಎರಡನೇ ಪಾಳಿ:

ಅಕ್ಕಾ, ನನ್ನದು ಸ್ವಲ್ಪ ಬೇರೆ ಮಾತು. ನಾನು ಮೈಸೂರಲ್ಲಿ ನರ್ಸ್. ಇಪ್ಪತ್ತು ವರ್ಷದಿಂದ ಬೇರೆಯವರ ಮೈ ಒರೆಸುವ ಕೆಲಸ.

ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಆದರೆ ಚಕ್ರವರ್ತಿಗೆ, ಮಂತ್ರಿಗೆ ಹೇಳಿದ ಔಷಧವನ್ನು ಅಡುಗೆಮನೆಯವರಿಗೂ ಅದೇ ಅಳತೆಯಲ್ಲಿ ಕೊಡಬಹುದಾ? ನಮ್ಮಮ್ಮ ಯಾವತ್ತೂ ಎಲ್ಲರದ್ದೂ ಆದ ಮೇಲೆ ಊಟಕ್ಕೆ ಕೂತವರು. ತಳದ ಸಾರು, ಉಳಿದ ಅನ್ನ. "ನನಗೇನು ಬೇಕು" ಅಂತಲೇ ಬದುಕು ಮುಗಿಸಿದರು. ಊರೆಲ್ಲ ಅವರನ್ನು ನಿರಹಂಕಾರಿ ಅಂದಿತು. ಕೊನೆಗೆ ನಮ್ಮ ವಾರ್ಡಲ್ಲೇ ಮಲಗಿದ್ದಾಗ ಒಂದು ರಾತ್ರಿ ಕೈ ಹಿಡಿದು ಕೇಳಿದರು, "ನಾನು ಮಾಡಿದ್ದು ಯಾರಿಗಾದರೂ ಕಾಣಿಸಿತಾ ಮಗಳೇ?" ಅದು ಅಹಂಕಾರ ಅಂತ ಹೇಳಲು ನನ್ನಿಂದ ಆಗುವುದಿಲ್ಲ.

ಕನ್ನಡದಲ್ಲಿ ನಮಗೆ ಎಷ್ಟು ಪದ ಇವೆ ನೋಡಿ. ಜಂಬ, ಸೊಕ್ಕು, ಹಮ್ಮು, ಅಭಿಮಾನ, ಸ್ವಾಭಿಮಾನ. ಎಲ್ಲವನ್ನೂ ಅಹಂಕಾರ ಅನ್ನುವ ಒಂದೇ ಚೀಲಕ್ಕೆ ತುಂಬುತ್ತೇವೆ. ಸಾಂಖ್ಯರು, ಅಂದರೆ ಹಳೆಯ ಸಾಂಖ್ಯ ದರ್ಶನದವರು, ಅಹಂಕಾರ ಅಂದದ್ದು ಸೊಕ್ಕಿಗೆ ಅಲ್ಲ. ಬುದ್ಧಿ, ಅದರಿಂದ ಅಹಂಕಾರ, ಅದರಿಂದ ಮನಸ್ಸು, ಇಂದ್ರಿಯಗಳು ಅಂತ ಅವರ ಲೆಕ್ಕ. ನೋಡಿದ್ದು, ಕೇಳಿದ್ದು "ನನಗೆ" ಅಂತ ಸೇರಿಸಿಕೊಳ್ಳುವ ಒಂದು ಕೆಲಸ ಅದು. ಅದಿಲ್ಲದೆ ನೀವು ತರಗತಿಯಲ್ಲಿ ಹಾಜರಿ ಕರೆಯಲೂ ಆಗುವುದಿಲ್ಲ. ನಾನು ಸಲೈನ್ ಹಾಕಲೂ ಆಗುವುದಿಲ್ಲ.

ಅದಕ್ಕೆ ನನ್ನ ಕೋರಿಕೆ, ಬೇಜಾರನ್ನು ಪಾಪ ಅಂತ ಹೊಸಕಬೇಡಿ. ನೀವು ಏಳು ವರ್ಷ ದುಡಿದಿದ್ದೀರಿ. ಮರೆತದ್ದು ಅವರ ತಪ್ಪು. ಎರಡೂ ನಿಜ. ಒಲೆ ಉಜ್ಜಿದ ವಿಷಯ ಬೇರೆ. ಅದನ್ನು ನೀವೇ ಹಿಡಿದಿದ್ದೀರಿ, ನಾನು ಹೇಳುವುದೇನೂ ಉಳಿದಿಲ್ಲ.

ಅರುಣಗಿರಿ:

ನಿಮ್ಮ ಎರಡನೇ ಪ್ರಶ್ನೆಗೆ, ನಾಶ ಮಾಡುವವಳು ಯಾರು ಅನ್ನುವುದಕ್ಕೆ, ಒಂದೆರಡು ಮಾತು.

ರಮಣ ಮಹರ್ಷಿಗಳು 1896ರಲ್ಲಿ ಮಧುರೆಯ ಮನೆಯಲ್ಲಿ, ಹದಿನಾರನೇ ವಯಸ್ಸಿಗೆ, ಸಾವಿನ ಭಯ ಬಂದಾಗ ಓಡಲಿಲ್ಲ. ಹೆಣದ ಹಾಗೆ ಮಲಗಿ ಸಾಯುವುದು ಯಾವುದು ಅಂತ ನೋಡಿದರು. ಮುಂದೆ ತಿರುವಣ್ಣಾಮಲೈನಲ್ಲಿ ಕೇಳಲು ಬಂದವರಿಗೂ ಅದೇ ದಾರಿ ತೋರಿಸಿದರು. ಅಹಂಕಾರದ ಜೊತೆ ಗುದ್ದಾಡಬೇಡ, ಅದು ಎಲ್ಲಿಂದ ಏಳುತ್ತದೆ ಅಂತ ಹುಡುಕು. ಗುದ್ದಾಡಿದರೆ ಕಳ್ಳನನ್ನೇ ಪೊಲೀಸ್ ಮಾಡಿ ಕಳ್ಳನನ್ನು ಹಿಡಿಯಲು ಕಳಿಸಿದ ಹಾಗೆ ಆಗುತ್ತದೆ ಅಂತ ಹೋಲಿಕೆ ಕೊಟ್ಟವರು ಅವರು. ನೀವು ಕೇಳಿದ್ದೂ ಅದನ್ನೇ.

ನಾನು ಮಾಡುವುದು ಇಷ್ಟು. ಬೇಜಾರು ಬಂದಾಗ "ಯಾರಿಗೆ ಬೇಜಾರು?" ಅಂತ ಕೇಳಿ ಸುಮ್ನೆ ಕೂರುತ್ತೇನೆ. ಉತ್ತರ ಹುಡುಕುವುದಿಲ್ಲ. ಬೈಯುವ ದನಿಯಲ್ಲಿ ಕೇಳಿದರೆ ಕೆಲಸ ಮಾಡುವುದಿಲ್ಲ. ಹತ್ತು ಸಲಕ್ಕೆ ಒಂದು ಸಲ ಸ್ವಲ್ಪ ಸಡಿಲ ಆಗುತ್ತದೆ.

ಸೊನ್ನಲಿಗೆ ದಾರಿ:

ಸಿದ್ಧರಾಮರನ್ನು ಯಾರೂ ನೆನೆಸಲಿಲ್ಲ. ಹನ್ನೆರಡನೇ ಶತಮಾನ. ಸೊನ್ನಲಿಗೆ, ಅಂದರೆ ಈಗಿನ ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸುತ್ತಿದ್ದರು, ಗುಡಿ ಕಟ್ಟಿಸುತ್ತಿದ್ದರು. ಜನರಿಗೆ ನೀರು, ದೇವರಿಗೆ ಮನೆ. ಅಂಥ ಪುಣ್ಯದ ಕೆಲಸ ನಡೆಯುವ ಜಾಗಕ್ಕೆ ಅಲ್ಲಮ ಬಂದು, ಎಲ್ಲಿ ನಿಮ್ಮ ಒಡ್ಡರಾಮ ಅಂತ ಕೆಣಕಿದ. ಕೆಲಸದವರು ಸಿಟ್ಟಿಗೆದ್ದು ಕಲ್ಲು ಬೀರಿದರು. ಸಿದ್ಧರಾಮರೂ ಕೆಂಡವಾದರು. ಮಣ್ಣು ಅಗೆಯುವುದು ಕೀಳು ಅಂತ ಅಲ್ಲಮ ಹೇಳಲಿಲ್ಲ ಅಂತಲೇ ನಾನು ಓದಿಕೊಳ್ಳುತ್ತೇನೆ. ಒಂದು ಹೆಸರಿಗೆ ಅಷ್ಟು ಸಿಟ್ಟು ಎಲ್ಲಿ ಕೂತಿತ್ತು ಅಂತ ತೋರಿಸಿದ.

"ಮಾಡಿದೆನೆಂಬುದು ಮನದಲ್ಲಿ ಹೊಳೆದರೆ ಏಡಿಸಿ ಕಾಡಿತ್ತು ಶಿವನ ಡಂಗುರ" ಅಂತ ಬಸವಣ್ಣನವರ ವಚನ ಇದೆ. ಹೊಳೆದರೆ ಅನ್ನುವ ಪದ ನೋಡಿ. ಹೇಳಿಕೊಂಡರೆ ಅಂತ ಅಲ್ಲ, ಒಳಗೆ ಹೊಳೆದರೇ ಸಾಕು. ದಾಸೋಹವನ್ನೇ ಬದುಕಾಗಿ ಮಾಡಿಕೊಂಡವರ ಮಾತು ಅದು. ಅವರಿಗೂ ಹೊಳೆದಿರಬೇಕು, ಇಲ್ಲದಿದ್ದರೆ ಇಷ್ಟು ಸರಿಯಾಗಿ ಹೇಳಲು ಬರುತ್ತಿತ್ತಾ? ನೀವು ಒಬ್ಬರೇ ಅಲ್ಲ ತಾಯಿ.

ಗಣಿತದ ಟೀಚರ್ (ಮೂರು ವಾರದ ನಂತರ):

ಎಲ್ಲರ ಮಾತನ್ನೂ ಎರಡು ಮೂರು ಸಲ ಓದಿದೆ. "ಎರಡನೇ ಪಾಳಿ", ನಿಮ್ಮ ಅಮ್ಮನ ಮಾತು ಓದಿ ಅತ್ತುಬಿಟ್ಟೆ. ಬೆಳಗೊಳದವರೇ, ಹೋದ ಶನಿವಾರ ಬಂದಿದ್ದೆ. ಜೊತೆಗೆ ಬಾ ಅಂತ ನಾದಿನಿಯನ್ನು ಕರೆದೆ. ಆಕೆ ಮಂಡಿನೋವಿದ್ದರೂ ಪೂರ್ತಿ ಹತ್ತಿದಳು. ನಾನು ಮಧ್ಯೆ ಎರಡು ಸಲ ಕೂತೆ. ಮೊದಲು ಎರಡು ಸಲ ಬೆಟ್ಟಕ್ಕೆ ಬಂದಿದ್ದರೂ ಗುಳ್ಳಕಾಯಜ್ಜಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈ ಸಲ ಅವಳ ಹತ್ತಿರವೇ ತುಂಬ ಹೊತ್ತು ನಿಂತಿದ್ದೆ.

ಮಾರನೇ ದಿನ ಭಾನುವಾರ, ಅಡುಗೆಮನೆ. ಶಾಲು ಸಿಕ್ಕ ಆ ಹೊಸಬರು ಈಳಿಗೆಮಣೆ ಮುಂದೆ ಕೂತಿದ್ದರು. ಇಷ್ಟು ದಿನ ಅವರ ಹತ್ತಿರ ಬೇಕಾದಷ್ಟೇ ಮಾತಾಡುತ್ತಿದ್ದೆ. ಅವರೇ ಶುರು ಮಾಡಿದರು. "ಮೇಡಂ, ಅವತ್ತು ನಿಮ್ಮ ಹೆಸರು ಬಿಟ್ಟುಹೋಯಿತು. ನನಗೆ ಆ ಶಾಲು ಹೊದ್ದು ಕೂರಲು ಆಗಲಿಲ್ಲ" ಅಂದರು. ನನ್ನ ಬಾಯಿಗೆ ಹಳೇ ಮಾತು ಬಂದಿತ್ತು, ಅಯ್ಯೋ ಬಿಡಿ, ನಾವೇನು ಹೆಸರಿಗೆ ಮಾಡುತ್ತೇವಾ ಅಂತ. ಅದನ್ನು ನುಂಗಿದೆ. "ಹೌದು, ನನಗೆ ತುಂಬ ಬೇಜಾರಾಗಿತ್ತು. ನಿಮ್ಮ ಮೇಲೂ ಕೋಪ ಇತ್ತು" ಅಂದೆ. ಹೇಳುವಾಗ ದನಿ ನಡುಗಿತು. ಅವರು ನನ್ನ ಮುಖ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಇಬ್ಬರೂ ಕೂತು ಕುಂಬಳಕಾಯಿ ಹೆಚ್ಚಿದೆವು. ಮುನ್ನೂರು ಜನಕ್ಕೆ ಎಷ್ಟು ಉಪ್ಪು ಅಂತ ಅವರು ಕೇಳಿದರು, ಹೇಳಿಕೊಟ್ಟೆ.

ಜಪದ ಪುಸ್ತಕ ಇನ್ನೂ ಬರೆಯುತ್ತಿದ್ದೇನೆ. ಬಿಡಲು ಆಗಿಲ್ಲ. ತಿಂಗಳ ಕೊನೆಗೆ ಕೂಡಿಸುವುದನ್ನು ಮಾತ್ರ ಈ ಸಲ ಮಾಡಲಿಲ್ಲ.