ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಿಸಿದ ಮೇಲೆ ಟ್ಯೂಬ್ ಆಂಪ್ ಕಿರುಚುತ್ತಿದೆ

ಗಂಗಾವತಿಯಿಂದ:
ನಮಸ್ಕಾರ. ಕೈಯಲ್ಲೇ ಕಟ್ಟಿದ ಗಿಟಾರ್ ಆಂಪ್. ಪ್ರೀಆಂಪ್‌ಗೆ ಒಂದು 12ಎಎಕ್ಸ್7 ಟ್ಯೂಬ್, ಫೇಸ್ ಇನ್ವರ್ಟರ್‌ಗೆ (ಸಿಗ್ನಲ್ಲನ್ನು ಒಂದಕ್ಕೊಂದು ಉಲ್ಟಾ ಇರುವ ಎರಡಾಗಿ ಮಾಡುವ ಭಾಗ) ಇನ್ನೊಂದು, ಔಟ್‌ಪುಟ್‌ಗೆ ಎರಡು 6ವಿ6 ಟ್ಯೂಬ್. ಬಿ ಪ್ಲಸ್, ಅಂದರೆ ಟ್ಯೂಬ್‌ಗಳಿಗೆ ಹೋಗುವ ಹೈ ವೋಲ್ಟೇಜ್ ಸಪ್ಲೈ, 340 ವೋಲ್ಟ್. ಟ್ಯೂಬ್ ಮತ್ತು ಸ್ಪೀಕರ್ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು, ಬಳ್ಳಾರಿಯಲ್ಲಿ ಹೊಸದಾಗಿ ಸುತ್ತಿಸಿ ಹಾಕಿದೆ. ಈಗ ಟ್ಯೂಬ್ ಕಾಯುತ್ತಿದ್ದಂತೆ ಜೋರಾಗಿ ಕಿರುಚುತ್ತದೆ. ವಾಲ್ಯೂಮ್ ಸೊನ್ನೆಗಿಟ್ಟರೂ ನಿಲ್ಲಲ್ಲ, ಗಿಟಾರ್ ಕೇಬಲ್ ಕಿತ್ತರೂ ಅಷ್ಟೇ. ಬೇರೆ ಟ್ಯೂಬ್ ಹಾಕಿ ನೋಡಿದೆ, ಫರಕ್ ಇಲ್ಲ. ಏನು ನೋಡಬೇಕು ಹೇಳ್ರಿ.

ಬಳ್ಳಾರಿಯಿಂದ:
ಸೊನ್ನೆಯಲ್ಲೂ ಕಿರುಚುತ್ತದೆ ಅಂದರೆ ದೋಷ ವಾಲ್ಯೂಮ್ ಪಾಟ್ ದಾಟಿದ ಮೇಲಿದೆ, ಪ್ರೀಆಂಪ್ ಮುಟ್ಟಬೇಡ್ರಿ. ಸ್ಪೀಕರ್‌ನಿಂದ ಫೇಸ್ ಇನ್ವರ್ಟರ್‌ಗೆ ಬರುವ ನೆಗೆಟಿವ್ ಫೀಡ್‌ಬ್ಯಾಕ್ ವೈರ್ ಇದೆಯಲ್ಲ, ಅದೇ ಮೊದಲ ಅನುಮಾನ. ಹೊಸ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ (ಟ್ಯೂಬ್ ಕಡೆಯ ಸುರುಳಿ) ತುದಿಗಳು ಅದಲುಬದಲಾದರೆ ಫೇಸ್ ತಿರುಗುತ್ತದೆ, ಕಡಿಮೆ ಮಾಡಬೇಕಾದ ಫೀಡ್‌ಬ್ಯಾಕ್ ಹೆಚ್ಚು ಮಾಡಲು ಶುರುಮಾಡುತ್ತದೆ.

ಪ್ಲಗ್ ಕಿತ್ತು, ಆಫ್ ಆದ ಮೇಲೂ ವೋಲ್ಟೇಜ್ ಹಿಡಿದಿಡುವ ಫಿಲ್ಟರ್ ಕೆಪಾಸಿಟರ್‌ಗಳನ್ನು 10 ಕಿಲೋಓಮ್, 5 ವಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡ್ರಿ. ಮೀಟರ್ 10 ವೋಲ್ಟ್‌ಗಿಂತ ಕೆಳಗೆ ತೋರಿಸುವವರೆಗೆ ಒಳಗೆ ಕೈ ಹಾಕಬಾರದು, ಇದರಲ್ಲಿ ರಾಜಿಯೇ ಇಲ್ಲ. ಫೀಡ್‌ಬ್ಯಾಕ್ ವೈರಿನ ಒಂದು ತುದಿ ಬಿಚ್ಚಿ, ಸ್ಪೀಕರ್ ಜೋಡಿಸಿಯೇ ಆನ್ ಮಾಡ್ರಿ. ಕಿರುಚಾಟ ನಿಂತರೆ ಅನುಮಾನ ಖಚಿತ. ಮತ್ತೆ ಪ್ಲಗ್ ಕಿತ್ತು ಕೆಪಾಸಿಟರ್ ಖಾಲಿ ಮಾಡಿ, ಎರಡು 6ವಿ6ಗಳ 3ನೇ ಪಿನ್‌ಗೆ ಬರುವ ಪ್ಲೇಟ್ ವೈರ್‌ಗಳನ್ನು ಒಂದಕ್ಕೊಂದು ಬದಲಿಸಿ, ಫೀಡ್‌ಬ್ಯಾಕ್ ವಾಪಸ್ ಜೋಡಿಸ್ರಿ.

ಗಂಗಾವತಿಯಿಂದ:
ನಿಂತಿತು ಸರ್! ಆದರೆ ಟ್ರೆಬಲ್ 7, ವಾಲ್ಯೂಮ್ 6 ದಾಟಿದರೆ ಸಣ್ಣಗೆ ಕೀಂ ಅನ್ನುತ್ತದೆ.

ರಾಯಚೂರಿನಿಂದ:
ಇದು ಬೇರೆ ದೋಷ. ನಾಬ್ ತಿರುಗಿಸಿದಂತೆ ಬದಲಾಗುತ್ತದೆ ಅಂದರೆ ಈ ಸಲ ಸಿಗ್ನಲ್ ಸುತ್ತಿ ವಾಪಸ್ ಬರುವ ಲೂಪ್‌ನೊಳಗೆ ಪ್ರೀಆಂಪೂ ಇದೆ. ಹೊಸ ಟ್ರಾನ್ಸ್‌ಫಾರ್ಮರ್‌ನ ಉದ್ದ ವೈರ್‌ಗಳು ಇನ್‌ಪುಟ್ ಪಕ್ಕ ಬಿದ್ದಿರಬೇಕು. ಆಂಪ್ ಆನ್ ಇಟ್ಟು, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು, ಒಣಗಿದ ಮರದ ಕಡ್ಡಿಯಿಂದ ಒಂದೊಂದೇ ವೈರ್ ಸರಿಸ್ರಿ. ಯಾವುದು ಸರಿದಾಗ ಸದ್ದು ಬದಲಾಗುತ್ತದೋ ಅದೇ ಕಳ್ಳ. ಪ್ಲೇಟ್ ವೈರ್‌ಗಳನ್ನು ಗಿಡ್ಡ ಮಾಡಿ ಚಾಸಿಗೆ ಒತ್ತಿ ಕೂರಿಸಿ. ಗ್ರಿಡ್ ವೈರ್ (ಟ್ಯೂಬಿಗೆ ಸಿಗ್ನಲ್ ತರುವುದು) ಅವನ್ನು ದಾಟಲೇಬೇಕಿದ್ದರೆ ಅಡ್ಡಡ್ಡ ದಾಟಲಿ, ಜೊತೆಜೊತೆಗೆ ಸಾಗಬಾರದು.

ಇನ್‌ಪುಟ್‌ನ 68 ಕಿಲೋಓಮ್ ರೆಸಿಸ್ಟರನ್ನು ಜಾಕ್‌ನಲ್ಲಿ ಬೆಸೆದಿದ್ದರೆ ಅಲ್ಲಿಂದ ತೆಗೆದು ಮೊದಲ ಟ್ಯೂಬಿನ 2ನೇ ಪಿನ್‌ಗೇ ಬೆಸೆಯಿರಿ. ರೆಸಿಸ್ಟರ್ ದಾಟಿದ ಮೇಲೆ ಉಳಿಯುವ ವೈರ್ ಕೂಡ ಆಂಟೆನಾದಂತೆ ಕೆಲಸ ಮಾಡುತ್ತದೆ. ಜಾಕ್‌ನಿಂದ ಪಿನ್‌ವರೆಗೆ ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡ್ರಿ. 6ವಿ6ಗಳ 5ನೇ ಪಿನ್‌ಗೆ ಬರುವ ಗ್ರಿಡ್ ವೈರ್‌ಗೂ ಸರಣಿಯಲ್ಲಿ ತಲಾ 1.5 ಕಿಲೋಓಮ್ ರೆಸಿಸ್ಟರ್ ಹಾಕ್ರಿ. ಫೇಸ್ ಇನ್ವರ್ಟರ್‌ನ ಎರಡು ಪ್ಲೇಟ್‌ಗಳ ನಡುವೆ 47 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿದರೂ ನಿಲ್ಲಬಹುದು, ಆದರೆ ವೈರಿಂಗ್ ಸರಿಮಾಡದೆ ಅದನ್ನು ಹಾಕಿದರೆ ರೋಗ ಮುಚ್ಚಿಟ್ಟಂತೆ.

ಸಿಂಧನೂರಿನಿಂದ:
ನನ್ನದು ಕಿರುಚಲ್ಲ, ಪಂಪ್‌ಸೆಟ್ ತರಹ ಪುಟ್ ಪುಟ್ ಅನ್ನುತ್ತದೆ. ಇದೂ ಅದೇನಾ?

ರಾಯಚೂರಿನಿಂದ:
ಅಲ್ಲ, ಅದು ಫಿಲ್ಟರ್ ಕೆಪಾಸಿಟರ್ ಒಣಗಿದ ಲಕ್ಷಣ. ಮೇಲೆ ಹೇಳಿದಂತೆ ಪ್ಲಗ್ ಕಿತ್ತು ಕೆಪಾಸಿಟರ್‌ಗಳನ್ನು ಖಾಲಿ ಮಾಡಿ, ಪ್ರೀಆಂಪ್ ಕೆಪಾಸಿಟರ್‌ಗೆ ಸಮಾನಾಂತರವಾಗಿ 22 ಮೈಕ್ರೋಫ್ಯಾರಡ್, 450 ವೋಲ್ಟ್‌ನದನ್ನು ಪ್ಲಸ್–ಮೈನಸ್ ಸರಿಯಾಗಿ ನೋಡಿ ಬೆಸೆದು ಆನ್ ಮಾಡ್ರಿ. ನಿಂತರೆ ಹಳೆಯದನ್ನು ತೆಗೆದು ಹೊಸದು ಹಾಕ್ರಿ. ನಮ್ಮ ಕಡೆಯ ಬೇಸಿಗೆಗೆ 85 ಡಿಗ್ರಿಯದು ಬೇಡ, 105 ಡಿಗ್ರಿಯದೇ ತಗೊಳ್ರಿ.

ಬಳ್ಳಾರಿಯಿಂದ:
ಗಂಗಾವತಿಯವರೇ, ಕಿರುಚುವಾಗ 6ವಿ6 ಪ್ಲೇಟ್ ಕೆಂಪಾಗಿತ್ತೇ? ಆಗಿದ್ದರೆ 4ನೇ ಪಿನ್ನಿನ 470 ಓಮ್ ಸ್ಕ್ರೀನ್ ರೆಸಿಸ್ಟರ್‌ಗಳನ್ನು ಅಳೆಯಿರಿ, ಬೆಂದು ಅವುಗಳ ಓಮ್ ಏರಿರಬಹುದು. ಎರಡಕ್ಕೂ ಸೇರಿ ಒಂದೇ 270 ಓಮ್ ಕ್ಯಾಥೋಡ್ ರೆಸಿಸ್ಟರ್ ಇದ್ದರೆ ಅದರ ಮೇಲೆ 20 ವೋಲ್ಟ್ ಆಸುಪಾಸು ಸಿಗಬೇಕು. ತುಂಬಾ ಹೆಚ್ಚಿದ್ದರೆ ಕಿವಿಗೆ ಕೇಳದ ಆಸಿಲೇಶನ್ (ಆಂಪ್ ತಾನಾಗಿಯೇ ಕಿರುಚುವುದು) ಇನ್ನೂ ಉಳಿದಿರಬಹುದು, ಆಸಿಲೋಸ್ಕೋಪ್ ಇರುವವರ ಹತ್ತಿರ ಒಯ್ದು ತೋರಿಸ್ರಿ.