ಆರೇ ಮಂದಿ ಇರೋ ಅಂಗಡಿ, ಮಾಲಕನ ಮ್ಯಾಲ ದೂರು ಯಾರಿಗೆ ಕೊಡೋದ್ರಿ?

ಪ್ರಶ್ನೆ: ಗದಗಿನ ಚಿಗವ್ವ
ನಮ್ಮಕ್ಕನ ಮಗಳಿಗೆ 22 ವರ್ಷ. ಇಲ್ಲೇ ಒಂದು ಸೀರಿ ಅಂಗಡ್ಯಾಗ ಕೆಲಸಕ್ಕ ಹೊಕ್ಕಾಳ. ಒಂದೂವರಿ ತಿಂಗಳಿಂದ ಬುತ್ತಿ ಡಬ್ಬಿ ಹಂಗ ವಾಪಸ್ ಬರಾಕತ್ತಿತ್ತು, ರೊಟ್ಟಿ ಸೆಟದು ಕಟಗಿ ಆಗಿರ್ತಿದ್ವು. ನಾ ಬೈದೆ, ತಪ್ಪು ನಂದು. ಆಮ್ಯಾಲ ಗೊತ್ತಾತು. ಊಟ ಮಾಡೋ ಜಾಗ ಮ್ಯಾಲಿನ ಕೋಣ್ಯಾಗ, ಮಾಲು ಇಡೋದೂ ಅಲ್ಲೇ. ಮಾಲಕ ಹಿಂದಿಂದ ಬಂದು ಮೈಗೆ ಕೈ ಹಚ್ಚತಾನಂತ. ಆಕಿ ಮ್ಯಾಲ ಹತ್ತೋದನ್ನ ಬಿಟ್ಟಾಳ, ಊಟಾನೂ ಬಿಟ್ಟಾಳ.

ಆಕಿ ಅಪ್ಪ “ವರ ನೋಡಾಕತ್ತೇವಿ, ಕೆಲಸ ಬಿಡಿಸಿ ಸುಮ್ಕ ಇದ್ದುಬಿಡೂಣು” ಅಂತಾರ. ನನಗ ಸುಮ್ಮನಿರಾಕ ಆಗವಲ್ದು. ಇಂಥಾ ದೂರು ಕೇಳೋ ಸಮಿತಿ-ಗಿಮಿತಿ ಎಲ್ಲಾ ದೊಡ್ಡ ಕಂಪನಿಗಷ್ಟ ಏನು?

ಧಾರವಾಡದಿಂದ, ಕೋರ್ಟಿನ ಕೆಲಸದಾಗ ಇದ್ದಾಕಿ
ಹಂಗೇನಿಲ್ರಿ ಅಕ್ಕಾರ. ಕೆಲಸದ ಜಾಗದಾಗ ಹೆಣ್ಣುಮಕ್ಕಳಿಗೆ ಆಗೋ ಲೈಂಗಿಕ ಕಿರುಕುಳ ತಡಿಯೋ 2013ರ ಕಾಯ್ದೆ ಪ್ರಕಾರ ಹತ್ತು ಮಂದಿಗಿಂತ ಕಡಿಮಿ ಇದ್ರ, ಇಲ್ಲಾ ದೂರು ಮಾಲಕನ ಮ್ಯಾಲನ ಇದ್ರ, ಜಿಲ್ಲಾದ ಸ್ಥಳೀಯ ಸಮಿತಿಗೆ ಕೊಡೂದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರ್ಯಾಗ ವಿಚಾರಸ್ರಿ. ಕಡೇ ಸಲ ಆದ ದಿನದಿಂದ 3 ತಿಂಗಳೊಳಗ ಬರದು ಕೊಡಬೇಕು. ಕೆಲಸ ಬಿಟ್ರೂ ದೂರು ನಡೀತದ, ಹೆಸರು ಹೊರಗ ಹಾಕಂಗಿಲ್ಲ. ಪೊಲೀಸರ ಕಡೆ ಹೋಗೂದಾದ್ರ ಲೈಂಗಿಕ ಕಿರುಕುಳಕ್ಕ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮ್ ಅದ. ಹೆಣ್ಣುಮಕ್ಕಳ ಸಹಾಯವಾಣಿ 181.

ಹಾವೇರಿಯವ
ಒಂದ ಕೈಲೆ ಚಪ್ಪಾಳಿ ಆಗೂದಿಲ್ಲ ಬಿಡ್ರಿ.

ಹುಬ್ಬಳ್ಳಿಯಾಕಿ
ಚಪ್ಪಾಳಿ ಅಲ್ಲಪಾ ಅದು. ಹಿಂದಿಂದ ಬಂದು ಮೈ ಮುಟ್ಟಾಕ ಒಂದ ಕೈ ಸಾಕು.

ಅಕ್ಕಾರ, ನಾನೂ ಅಂಗಡ್ಯಾಗ ನಿಂತಾಕಿ. ಉದ್ರಿ ಬುಕ್ಕಿನ ಹಿಂದಿನ ಹಾಳ್ಯಾಗ ತಾರೀಖು, ವ್ಯಾಳೆ ಬರದಿಟ್ಟಿದ್ದೆ. ಕಾಯ್ದೆ ಗೊತ್ತಾಗೂದ್ರಾಗ ಎರಡು ವರ್ಷ ಆಗಿ ಹೋಗಿತ್ತು. ನಿಮ್ಮ ಹುಡುಗಿಗೂ ಬರದಿಡಾಕ ಹೇಳ್ರಿ. ಇನ್ನೊಂದು, ಅವರಪ್ಪನ ಮಾತು ಬರದ್ರಿ, ನಿಮ್ಮ ಸಿಟ್ಟೂ ಬರದ್ರಿ. ಆಕಿ ಏನಂತಾಳ?

ಗದಗಿನ ಚಿಗವ್ವ
ಖರೇನ ಕೇಳಿದ್ದಿಲ್ರಿ. ನಿನ್ನೆ ರಾತ್ರಿ ಶೇಂಗಾ ಸುಲಕೋತ ಕುಂತಾಗ ಕೇಳಿದೆ. ಭಾಳ ಹೊತ್ತು ಸುಮ್ಮನಿದ್ಲು. ಕಡೀಕ, “18 ದಿನದ ಪಗಾರ ಬಾಕಿ ಐತಿ ಚಿಗವ್ವ, ಅದನ್ನ ಬಿಡಂಗಿಲ್ಲ” ಅಂದ್ಲು. ಸಿಪ್ಪಿ ಎಲ್ಲಾ ಮೊರದಾಗ ಹಾಕಿ ಮತ್ತ ಅಂದ್ಲು, “ನಾ ಬಿಟ್ರ, ಆ ಹೊಸಾ ಹುಡುಗಿನ್ನ ಮ್ಯಾಲಿನ ಕೋಣಿಗೆ ಕಳಸ್ತಾನ. ಆಕಿಗೆ ಹದಿನೇಳೂ ತುಂಬಿಲ್ಲ.”

ಧಾರವಾಡದಿಂದ
ಹದಿನೆಂಟರ ಒಳಗಿನಾಕಿ ಅಂದ್ರ ಮಕ್ಕಳನ್ನ ಲೈಂಗಿಕ ಅಪರಾಧದಿಂದ ಕಾಯೋ 2012ರ ಪೋಕ್ಸೊ ಕಾಯ್ದೆ ಬರ್ತದ. ಆಗಬಹುದು ಅನ್ನೋ ಅನುಮಾನ ಇದ್ರೂ ತಿಳಸಲೇಬೇಕು, ಪೊಲೀಸರಿಗೆ ತಿಳಸ್ರಿ. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಹಚ್ಚರಿ, ಇವತ್ತ. ನಿಮ್ಮ ಹುಡುಗಿ ಅರ್ಜಿ ನಾಳೆ ಕುಂತು ಬರಿಯೂಣು, ಪಗಾರದ ಮಾತೂ ಹಾಕಿ.